ಹುಡುಕುವವರೆಗೆ

ನಮ್ಮೂರು ಯಾಶ್‌ಚೆನ್‌ನಲ್ಲಿ ಹುಡುಕುವುದಕ್ಕೂ ಸಿಗುವುದಕ್ಕೂ ಒಂದೇ ಮಾತು. ಅಜ್ಜ ಅಜ್ಜಿಯರ ಮಾಯಾ ನುಡಿಯಲ್ಲಿ ಹಾಗಿತ್ತು. ಆಮೇಲೆ ಶಾಲೆಯಲ್ಲಿ ಏಟು ತಿಂದು ಸ್ಪ್ಯಾನಿಷ್ ಕಲಿತಾಗ ಉಳಿದದ್ದನ್ನೆಲ್ಲ ಬಿಟ್ಟರೂ ಇದೊಂದನ್ನು ಗಂಟು ಕಟ್ಟಿಕೊಂಡು ಜೊತೆಗೆ ತಂದೆವು. ತಪ್ಪಿಸಿಕೊಂಡ ಟರ್ಕಿ ಕೋಳಿಯನ್ನು 'ಹುಡುಕಿದೆ' ಅಂದರೆ ಅದು ಸಿಕ್ಕಿದೆ, ಕಾಲಿಗೆ ಹಗ್ಗ ಬಿದ್ದಿದೆ ಎಂದರ್ಥ. ಸಿಗದಿದ್ದರೆ 'ಹುಡುಕಿದೆ, ಹುಡುಕಿದೆ, ಹುಡುಕಲಿಲ್ಲ' ಅನ್ನುತ್ತೇವೆ. ರಾಜಧಾನಿಯ ಕಡೆಯ ಜನ ಇದನ್ನು ಕೇಳಿ ನಗುತ್ತಾರೆ. ಅವರನ್ನು ನಾವು ಹುವಾಚ್ ಅಂತ ಕರೆಯುವುದು, ಎದುರಿಗಲ್ಲ. ನಗಲಿ ಬಿಡಿ. ಕೈಗೆ ಏನೂ ಬರದಿದ್ದರೂ 'ಹುಡುಕಿದೆ' ಅಂತ ಎದೆ ತಟ್ಟಿಕೊಳ್ಳುವ ಅವರನ್ನು ನೋಡಿ ನಾವೂ ನಗುತ್ತೇವೆ.

ನಿಕನೋರ್ ಚುಕ್‌ನ ಬಾಳಿಗೆ ಕಲ್ಲು ಹಾಕಲು ಹೊರಟದ್ದು ಈ ಮಾತೇ.

ನಿಕನೋರ್‌ಗೆ ಆಗ ನಲವತ್ತಾರು. ಕಾಡಿನ ನಡುವೆ ನೆಲ ಕುಸಿದು ಬಾಯ್ದೆರೆದ ನಮ್ಮ ಸೆನೋತೆ ಇದೆಯಲ್ಲ, ಬೆಕ್ಕಿನ ಬಾವಿ, ಅದನ್ನು ಮೊದಲು ಕಂಡವನು ಅವನ ಅಜ್ಜ. ಓಡಿಹೋದ ಬೆಕ್ಕಿನ ಬೆನ್ನು ಹತ್ತಿ ಹೋದವನು ಬೆಕ್ಕನ್ನೂ ಹುಡುಕಿದ, ಬಾವಿಯನ್ನೂ ಹುಡುಕಿದ. ಮೇಲಿಂದ ನೋಡಿದರೆ ಅದು ಒಂದು ಮನೆಯಂಗಳದಷ್ಟು ನೀರು. ಒಳಗೆ ಇಳಿದರೆ ಊರಿನ ಅಡಿಯಲ್ಲೆಲ್ಲ ಸುರಂಗ, ಸುಣ್ಣದ ಕಂಬಗಳು, ಕೋಣೆಯೊಳಗೆ ಕೋಣೆ. ನಿಕನೋರ್ ಅಲ್ಲಿ ಈಜು ಕಲಿತ, ಅಲ್ಲೇ ನೇಯ್ದಿಯನ್ನು ಕಂಡು ಮದುವೆಗೆ ಕೇಳಿದ, ಉಸಿರಿನ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದನ್ನೂ ಅಲ್ಲೇ ಕಲಿತ. ಆದರೆ ಗೈಡ್ ಕಾರ್ಡ್ ಇಲ್ಲದವನು ಪ್ರವಾಸಿಗರನ್ನು ಗುಹೆಯೊಳಗೆ ಕರೆದುಕೊಂಡು ಹೋಗುವ ಹಾಗಿಲ್ಲ ಅಂತ ಕಾನೂನು ಬಂತು. ಹಾಗಾಗಿ ಹದಿಮೂರು ವರ್ಷದಿಂದ ಅವನ ಕೆಲಸ ಬೇರೆಯವರ ಸಿಲಿಂಡರ್ ಹೊರುವುದು. ಎಲ್ಲೆಲ್ಲಿಂದಲೋ ಬಂದ ಗೈಡುಗಳು ಕಾರ್ಡ್ ತೋರಿಸಿ ಅವನ ಅಜ್ಜನ ನೀರಿಗೆ ಇಳಿಯುತ್ತಿದ್ದರು. ಇವನು ದಡದಲ್ಲಿ ಕೂತು ಅವರ ಚಪ್ಪಲಿ ಕಾಯುತ್ತಿದ್ದ. ಚಪ್ಪಲಿ ಕಾಯುವುದರಲ್ಲಿ ಅವಮಾನವಿಲ್ಲ ಅಂತ ನೇಯ್ದಿಗೆ ಹೇಳುತ್ತಿದ್ದ. ರಾತ್ರಿ ಹ್ಯಾಮಕ್ಕಿನ ತೂಗುಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತಿದ್ದುದು ಮಾತ್ರ ಅವಳಿಗೆ ಗೊತ್ತಾಗುತ್ತಿತ್ತು.

ಕಾರ್ಡಿನ ಪರೀಕ್ಷೆಗೆ ಎರಡು ಸಲ ಕೂತು ಎರಡು ಸಲವೂ ಡುಮ್ಕಿ ಹೊಡೆದಿದ್ದ. ಮೊದಲ ಸಲ, ಗುಹೆಯಲ್ಲಿ ದಾರಿ ತಪ್ಪದಿರಲು ಹಿಡಿದು ಹೋಗುವ ದಾರಕ್ಕೆ ಹ್ಯಾಮಕ್ ಕಟ್ಟುವ ಗಂಟು ಹಾಕಿದ. ಬಿಚ್ಚಲು ಹೋದ ಪರೀಕ್ಷಕರ ಉಗುರು ಮುರಿಯಿತೇ ಹೊರತು ಗಂಟು ಬಿಚ್ಚಲಿಲ್ಲ. ಎರಡನೆಯ ಸಲ, ನಿಮ್ಮ ನಕ್ಷೆ ತಲೆಕೆಳಗಾಗಿದೆ ಅಂತ ಪರೀಕ್ಷಕರಿಗೇ ಹೇಳಿದ. ನಕ್ಷೆ ನಿಜವಾಗಿಯೂ ತಲೆಕೆಳಗಾಗಿತ್ತು, ಅದೇ ಅವನ ತಪ್ಪಾಯಿತು. ಮೂರು ಸಲಕ್ಕಿಂತ ಹೆಚ್ಚು ಯಾರಿಗೂ ಅವಕಾಶವಿಲ್ಲ. ಇದು ಮೂರನೆಯದು.

"ಈ ಸಲ ಬಾಯಿ ಬಿಡಬೇಡ," ಅಂದಳು ನೇಯ್ದಿ, ಅವನ ಅಂಗಿಯ ಗುಂಡಿ ಹಾಕುತ್ತ. "ಅವರು ಕತ್ತೇನ ಕುದುರೆ ಅಂದ್ರೂ ಹೂಂ ಅನ್ನು. ಸವಾರಿ ಬೇಕಾದ್ರೂ ಮಾಡು."

"ನೀರಿನೊಳಗೆ ಬಾಯಿ ಬಿಡೋಕೆ ಆಗಲ್ಲ ಕಣೇ."

"ಹೊರಗಡೆ ಇರ್ತೀಯಲ್ಲ, ಆಗಿನ ಮಾತು ಹೇಳಿದ್ದು."

ಪರೀಕ್ಷೆ ಮಾಡಲು ರಾಜಧಾನಿಯಿಂದ ಇಬ್ಬರು ಬಂದಿದ್ದರು. ದೊಡ್ಡವರು ಒರ್ತೆನ್ಸಿಯಾ ಮೇಡಂ, ಅರವತ್ತರ ಹತ್ತಿರದ, ಕಡ್ಡಿಯಂಥ ಹೆಂಗಸು. ಇಪ್ಪತ್ತೊಂಬತ್ತು ವರ್ಷದಲ್ಲಿ ನೀರಿನಡಿ ಒಬ್ಬರನ್ನೂ ಕಳೆದುಕೊಂಡವರಲ್ಲ, ಒಂದು ನಿಯಮವನ್ನೂ ಮುರಿದವರಲ್ಲ, ಒಂದು ಸಲವೂ ನಕ್ಕವರಲ್ಲ ಎಂದು ಸುದ್ದಿ. ಅವರ ಸಹಾಯಕ ಉಗಾರ್ತೆ, ದುಂಡು ಮುಖದ, ಮೃದು ಮನಸ್ಸಿನ ಆಸಾಮಿ. ಮೇಡಂ ಅಂದರೆ ಅವನಿಗೆ ಭಯವೂ ಹೌದು, ದೇವರೂ ಹೌದು.

ಬೆಳಿಗ್ಗೆ ಸೆನೋತೆಯ ಪಕ್ಕದ ಮರದಡಿ ಲಿಖಿತ ಪರೀಕ್ಷೆ ನಡೆಯಿತು. ಐವತ್ತು ಪ್ರಶ್ನೆ, ಪಾಸಾಗಲು ನಲವತ್ತು ಬೇಕು. ನಿಕನೋರ್ ನಾಲಗೆ ಕಚ್ಚಿಕೊಂಡು, ಬೆವರು ಒರೆಸಿಕೊಂಡು ಬರೆದ. ಮೇಡಂ ಕೆಂಪು ಪೆನ್ನು ಹಿಡಿದು ಒಂದೊಂದನ್ನೇ ನೋಡುತ್ತ ಬಂದರು. ಮೂವತ್ತೇಳನೆಯದಕ್ಕೆ ಬಂದಾಗ ಪೆನ್ನು ನಿಂತಿತು.

"'ಗುಹೆಯೊಳಗೆ ಜೊತೆಗಾರ ಕಾಣೆಯಾದರೆ ಎಷ್ಟು ಹೊತ್ತು ಹುಡುಕಬೇಕು?' ಇದು ಪ್ರಶ್ನೆ. ನೀವು ಬರೆದಿರೋದು 'ಹುಡುಕುವವರೆಗೆ'. ಇದು ಉತ್ತರಾನೋ ಒಗಟೋ?"

"ಉತ್ತರಾನೇ ಮೇಡಂ."

"ಹುಡುಕುವವರೆಗೆ ಹುಡುಕೋದು! ಕೂರುವವರೆಗೆ ಕೂರೋದು, ಏಳುವವರೆಗೆ ಏಳೋದು!"

ಉಗಾರ್ತೆ ಕಿಸಕ್ಕೆಂದ. ನಿಕನೋರ್‌ಗೆ ತಪ್ಪು ಎಲ್ಲಿದೆ ಅಂತಲೇ ಹೊಳೆಯಲಿಲ್ಲ. ನೇಯ್ದಿಯ ಮಾತು ನೆನಪಾಗಿ ಹೂಂ ಅಂದ.

"ನೋಡಿ," ಅಂದರು ಮೇಡಂ. "ನಿಮ್ಮ ಗಾಳೀಲಿ ಒಂದು ಪಾಲು ಹೋಗೋಕೆ, ಒಂದು ಪಾಲು ಬರೋಕೆ, ಒಂದು ಪಾಲು ಆಪತ್ತಿಗೆ. ಹೋಗುವ ಪಾಲು ಮುಗಿದ ಕೂಡಲೇ, ಜೊತೆಗಾರ ಸಿಗಲಿ ಬಿಡಲಿ, ತಿರುಗಬೇಕು. ತಿರುಗದೆ ಇದ್ದೋರನ್ನೆಲ್ಲ ನಾನು ಫೋಟೋದಲ್ಲಿ ಮಾತ್ರ ನೋಡ್ತಿದೀನಿ. ಈ ಉತ್ತರ ತಪ್ಪು." ಕೆಂಪು ಅಡ್ಡಗೆರೆ ಬಿತ್ತು. ಕೊನೆಗೆ ಕೂಡಿಸಿದರು. "ಮೂವತ್ತೊಂಬತ್ತು."

ನಿಕನೋರ್ ಬೆರಳು ಮಡಚಿ ಎಣಿಸಿದ. ಒಂದು ಕಡಿಮೆ.

"ನೀರಿನ ಪರೀಕ್ಷೆಯಲ್ಲಿ ಒಂದೂ ತಪ್ಪು ಮಾಡದೆ ಇದ್ರೆ ಒಂದು ಪ್ರಶ್ನೇನ ಬಾಯಲ್ಲಿ ಮತ್ತೆ ಕೇಳೋ ಅಧಿಕಾರ ನನಗಿದೆ," ಅಂದರು ಮೇಡಂ. "ಒಂದೇ ಒಂದು. ಏಳಿ, ಸಿಲಿಂಡರ್ ಹಾಕ್ಕೊಳ್ಳಿ."

ಇಳಿಯುವ ಮುಂಚೆ ನಿಕನೋರ್ ಸೋರೆಬುರುಡೆಯ ಬಟ್ಟಲಲ್ಲಿ ಜೋಳದ ಗಂಜಿ ತಂದು ನೀರಿನ ಒಡೆಯರಿಗೆ ಅಂತ ನಾಲ್ಕು ದಿಕ್ಕಿಗೂ ಚೆಲ್ಲಿದ. ಮೇಡಂ ಗಡಿಯಾರ ನೋಡಿಕೊಂಡರು.

"ಇದು ಫಾರಂನಲ್ಲಿ ಇಲ್ಲ."

"ನೀರಲ್ಲಿ ಇದೆ ಮೇಡಂ," ಅಂದು ನಿಕನೋರ್ ತಕ್ಷಣ ಬಾಯಿ ಮುಚ್ಚಿಕೊಂಡ.

ನೀರಿನ ಪರೀಕ್ಷೆ ಎಂದರೆ ಇಷ್ಟೇ. ಮೂವರೂ ದೊಡ್ಡ ದಾರ ಹಿಡಿದು ಒಳಗೆ ಹೋಗುವುದು. ದಾರದ ಉದ್ದಕ್ಕೂ ಹೊರದಾರಿ ತೋರಿಸುವ ಬಾಣದ ಗುರುತುಗಳಿರುತ್ತವೆ. ಮೇಡಂ ಟಾರ್ಚ್ ಆರಿಸಿ ಎಲ್ಲೋ ಬಚ್ಚಿಟ್ಟುಕೊಳ್ಳುತ್ತಾರೆ. ನಿಕನೋರ್ ಕ್ರಮ ತಪ್ಪದೆ ಹುಡುಕಬೇಕು. ಉಗಾರ್ತೆ ದಾರದ ಬಳಿ ಸ್ಲೇಟು ಹಿಡಿದು ಕಾಯುತ್ತಾನೆ. ನೀರಿನಡಿ ಮಾತಿಲ್ಲವಲ್ಲ, ಹೇಳುವುದೇನಿದ್ದರೂ ಸ್ಲೇಟಿನ ಮೇಲೆ ಬರೆಯಬೇಕು, ಇಲ್ಲವೇ ಕೈಸನ್ನೆ ಮಾಡಬೇಕು.

ಮೇಡಂ ಮಾಯವಾದರು. ನಿಕನೋರ್ ತನ್ನ ಟಾರ್ಚನ್ನು ಎದೆಗೆ ಒತ್ತಿ ಕತ್ತಲೆ ಮಾಡಿಕೊಂಡು ಅವರ ಬೆಳಕು ಎಲ್ಲಾದರೂ ಕಾಣುತ್ತದೆಯೇ ನೋಡಿದ. ಇಲ್ಲ. ತನ್ನ ಸಣ್ಣ ದಾರದ ತುದಿಯನ್ನು ದೊಡ್ಡ ದಾರಕ್ಕೆ ಪುಸ್ತಕದ ಗಂಟಿನಲ್ಲೇ ಕಟ್ಟಿದ. ಕೈ ತಾನಾಗಿ ಹ್ಯಾಮಕ್ಕಿನ ಗಂಟಿನ ಕಡೆಗೆ ಓಡುತ್ತಿತ್ತು, ಅದನ್ನು ಹಿಡಿದು ಎಳೆದು ತಂದ. ಗಾಳಿಯ ಮುಳ್ಳು ನೋಡಿಕೊಂಡ. ಹೊರಟ.

ಎಡಗಡೆಯ ಕೋಣೆಯಲ್ಲಿ ಇಲ್ಲ. ಸುಣ್ಣದ ಕಂಬಗಳ ಹಿಂದೆ ಇಲ್ಲ. ಮುಳ್ಳು ಇಳಿಯುತ್ತಿತ್ತು. ಹೋಗುವ ಪಾಲು ಮುಗಿಯಲು ಇನ್ನು ಐದೇ ನಿಮಿಷ. ಆಗ ಕೇಳಿಸಿತು.

ಠಣ್.

ನೀರಿನಡಿ ಸದ್ದು ಯಾವ ಕಡೆಯಿಂದ ಬಂತು ಅಂತ ಹೇಳುವುದು ಕಷ್ಟ. ಆದರೆ ನಿಕನೋರ್‌ಗೆ ದಿಕ್ಕು ಬೇಕಾಗಲಿಲ್ಲ. ಆ ಬಕೆಟ್ಟಿನ ತಳಕ್ಕೆ ಬೆಸುಗೆ ಹಾಕಿಕೊಟ್ಟವನೇ ಅವನು. ತವರದ ಬಕೆಟ್ಟು ಸಿಲಿಂಡರಿಗೆ ಬಡಿದ ಸದ್ದು ಅದು. ಬಕೆಟ್ಟು ಅತ್ತೆಯದು.

ಅತ್ತೆ, ಅಂದರೆ ನೇಯ್ದಿಯ ತಾಯಿ ದೊನ್ಯಾ ಫೆಲಿಪಾ ಅವರ ಹಿತ್ತಲ ಬಾವಿ ಈ ಸುರಂಗದ ಮೇಲೇ ಎಲ್ಲೋ ಇರಬೇಕು ಅಂತ ಅವನಿಗೆ ಮೊದಲಿಂದಲೂ ಅನುಮಾನವಿತ್ತು. ಆ ಕಾರಣಕ್ಕೇ ಇಷ್ಟು ವರ್ಷ ಆ ಕಡೆಗೆ ಈಜಿರಲಿಲ್ಲ. ಈಗ ದಾರ ಬಿಚ್ಚುತ್ತ ಅತ್ತಲೇ ಹೊರಟ. ಮತ್ತೆ ಠಣ್. ಮತ್ತೆ ಎರಡು ಸಲ. ಯಾರನ್ನೋ ಸರಿಯಾಗಿಯೇ ವಿಚಾರಿಸಿಕೊಳ್ಳುತ್ತಿದ್ದರು. ಕಿರಿದಾದ ಸಂದಿನ ಆಚೆ ಹಸಿರು ಬೆಳಕು ಕಂಡಿತು. ಮೇಲೆ ಎದ್ದ.

ಬಾವಿಯೊಳಗೆ ಮೇಡಂ ಗೋಡೆಗೆ ಅಂಟಿಕೊಂಡು ತೇಲುತ್ತಿದ್ದರು. ತಲೆಯ ಮೇಲೆ ಪಾಚಿ. ಅವರ ಎರಡು ಸಿಲಿಂಡರುಗಳಲ್ಲಿ ಒಂದರ ಕೊಳವೆ ಕಿತ್ತು ಬುಸ್ಸೆಂದು ಗಾಳಿ ಸೋರುತ್ತಿತ್ತು. ಮೇಲೆ, ದುಂಡನೆಯ ಆಕಾಶದ ಅಂಚಿನಲ್ಲಿ, ಅತ್ತೆಯ ಮುಖ, ಮತ್ತು ಇನ್ನೊಂದು ಏಟಿಗೆ ಸಿದ್ಧವಾಗಿ ನೇತಾಡುತ್ತಿದ್ದ ಬಕೆಟ್ಟು.

"ಕುಡಿಯೋ ನೀರಲ್ಲಿ ಬೂಟು ಹಾಕ್ಕೊಂಡು ನಿಂತಿದೀಯಲ್ಲೇ! ಯಾರ ಮನೆ ಹೆಣ್ಣು ನೀನು?"

"ಆಗಲೇ ಹೇಳಿದೆನಲ್ಲ, ನಾನು ರಾಷ್ಟ್ರೀಯ ಪರೀಕ್ಷಕಿ!"

"ಪರೀಕ್ಷೆ ಮಾಡೋಕೆ ಊರಲ್ಲಿ ಬೇರೆ ಬಾವಿ ಇರಲಿಲ್ವಾ?"

"ಅತ್ತೆ!" ಎಂದು ಕೂಗಿದ ನಿಕನೋರ್, ಬಾಯಿಂದ ಕೊಳವೆ ತೆಗೆದು. "ಅತ್ತೆ, ನಿಲ್ಸಿ!"

ಬಕೆಟ್ಟು ನಿಂತಿತು. ಆಮೇಲೆ ದೊನ್ಯಾ ಫೆಲಿಪಾ ಬೇರೆಯೇ ದನಿಯಲ್ಲಿ ಕೇಳಿದರು: "ಅಳಿಯಂದ್ರೇ, ನೀವು ಬಾವಿಯೊಳಗೆ ಪರ ಹೆಂಗಸಿನ ಜೊತೆ ಇರೋದು ನೇಯ್ದಿಗೆ ಗೊತ್ತಾ?"

ವಿಷಯ ಬಿಡಿಸಿ ಹೇಳಲು ಸ್ವಲ್ಪ ಹೊತ್ತು ಹಿಡಿಯಿತು. ಮೇಡಂ ತಮ್ಮ ಪಾಲಿನದನ್ನು ಹೇಳುವಾಗ ನಿಕನೋರ್‌ನ ಮುಖ ನೋಡಲಿಲ್ಲ. ಅಡಗಿಕೊಳ್ಳಲು ಬಂದಿದ್ದರು, ಸಂದಿನ ಆಚೆ ಹಸಿರು ಬೆಳಕು ಕಂಡಿತು, ಇಷ್ಟು ವರ್ಷದಲ್ಲಿ ಅಂಥ ಬೆಳಕು ನೋಡಿರಲಿಲ್ಲ, ಏನದು ಅಂತ ನೋಡೋಣ ಅನ್ನಿಸಿತು. ದಾರ ಕಟ್ಟಿದ್ರಾ ಅಂತ ನಿಕನೋರ್ ಕೇಳಲಿಲ್ಲ. ಕಟ್ಟಿದ ದಾರ ಎಲ್ಲೂ ಕಾಣುತ್ತಿರಲಿಲ್ಲ, ಅಷ್ಟೆ.

"ಒಂದೇ ಸಿಲಿಂಡರಿನಲ್ಲಿ ಗುಹೆಯೊಳಗೆ ವಾಪಸ್ ಹೋಗೋದು ನಿಯಮಕ್ಕೆ ವಿರುದ್ಧ," ಅಂದರು ಮೇಡಂ, ಹಲ್ಲು ಕಟಕಟಿಸುತ್ತ.

"ಯಾವ ಹಾಳು ನಿಯಮ? ಮೇಲೆ ಬಾ ಮಗಳೇ, ತುಟಿ ನೀಲಿಗಟ್ಟಿದೆ," ಅಂದರು ದೊನ್ಯಾ ಫೆಲಿಪಾ. ಬಕೆಟ್ಟಿನಿಂದ ಬಡಿದವರು ತಾವೇ ಅನ್ನುವುದು ಅವರಿಗೆ ಆಗಲೇ ಮರೆತಿತ್ತು. "ಗೋಡೆಗೆ ಕಬ್ಬಿಣದ ಮೆಟ್ಟಿಲು ಇದೆ ನೋಡು. ಸುಟ್ಟ ಮೆಣಸಿನಕಾಯಿ ಹಾಕಿದ ಟರ್ಕಿ ಕೋಳಿ ಕರಿ ಸಾರು ಒಲೆ ಮೇಲಿದೆ, ಬಿಸಿಬಿಸಿ."

ಮೇಡಂ ಮೆಟ್ಟಿಲಿಗೆ ಕೈ ಹಾಕಿ ತಿರುಗಿದರು. "ನಿಕನೋರ್, ಉಗಾರ್ತೆ ದಾರದ ಹತ್ತಿರ ಕಾಯ್ತಿರ್ತಾನೆ. ನಿಮ್ಮ ಗಾಳಿ ಸಾಕಾ?"

ಮುಳ್ಳು ನೋಡಿದ. "ಬರೋ ಪಾಲು ಪೂರ್ತಿ ಇದೆ ಮೇಡಂ. ಆಪತ್ತಿಂದು ಮುಟ್ಟೇ ಇಲ್ಲ."

"ಸರಿ. ಹೋಗಿ ಹೇಳಿ. ಅವನ ಮನಸ್ಸು ಹೂವಿನ ಹಾಗೆ, ಗಾಬರಿ ಆಗೋ ಹಾಗೆ ಹೇಳಬೇಡಿ."

"ಗಾಬರಿ ಯಾಕೆ ಮೇಡಂ? ಒಂದೇ ಪದದಲ್ಲಿ ಹೇಳಿ ಮುಗಿಸ್ತೀನಿ."

ತಾನು ಬಿಟ್ಟ ದಾರವನ್ನೇ ಸುತ್ತಿಕೊಳ್ಳುತ್ತ ನಿಕನೋರ್ ವಾಪಸ್ ಬಂದ. ಮನಸ್ಸು ಹಗುರವಾಗಿತ್ತು. ಗಂಟು ಸರಿ, ದಾರ ಸರಿ, ಗಾಳಿ ಸರಿ, ಕಳೆದುಹೋದವರನ್ನೂ ಹುಡುಕಿದ್ದಾಯಿತು. ಇನ್ನೇನು ಬೇಕು? ಉಗಾರ್ತೆ ಒಂದೇ ಬೆಳಕು ಬರುವುದನ್ನು ಕಂಡು ಕಣ್ಣರಳಿಸಿದ. ನಿಕನೋರ್ ಅವನ ಸ್ಲೇಟು ತೆಗೆದುಕೊಂಡು ದುಂಡಗೆ ಬರೆದ: 'ಹುಡುಕಿದೆ.' ಆಮೇಲೆ ಹೆಬ್ಬೆರಳು ಮೇಲೆತ್ತಿದ. ಮುಳುಗುವವರ ಸನ್ನೆಯಲ್ಲಿ ಅದಕ್ಕೆ ಅರ್ಥ, ಇಲ್ಲಿಗೆ ಮುಗೀತು, ಮೇಲೆ ಹೋಗೋಣ.

ಉಗಾರ್ತೆ ಸ್ಲೇಟನ್ನು ಓದಿದ. ಮತ್ತೆ ಓದಿದ. ಅದರ ಕೆಳಗೆ ಬರೆದ: 'ಮೇಡಂ?'

ನಿಕನೋರ್ ಬಾವಿಯ ಮೆಟ್ಟಿಲನ್ನು ನೆನೆದು ಬರೆದ: 'ಮೇಲೆ ಹೋದರು.'

ಅಷ್ಟರಲ್ಲಿ ಪೆನ್ಸಿಲಿನ ಮೊನೆ ಮುರಿಯಿತು. ಹೊರಗೆ ಬರುವ ದಾರಿಯಲ್ಲಿ, ಮೈಗೆ ಒಗ್ಗಲಿ ಅಂತ ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕು. ಉಗಾರ್ತೆ ದಾರವನ್ನು ತಬ್ಬಿಕೊಂಡು ನಿಂತಿದ್ದ, ಭುಜ ಕುಲುಕುತ್ತಿತ್ತು. ಚಳಿ ಇರಬೇಕು ಅಂದುಕೊಂಡು ನಿಕನೋರ್ ಅವನ ಬೆನ್ನು ಉಜ್ಜಿದ. ಧೈರ್ಯ ಬರಲಿ ಅಂತ ನಕ್ಕ ಕೂಡ. ಉಗಾರ್ತೆ ಅವನ ಕೈಯನ್ನು ಕೊಡವಿದ.

ಮೇಲೆ ಬಂದ ಕೂಡಲೇ ಉಗಾರ್ತೆ ಕಣ್ಣಿನ ಕನ್ನಡಕ ಕಿತ್ತೆಸೆದ. "ನಿಜವಾಗ್ಲೂ ಹುಡುಕಿದೆಯಾ ನೀನು?"

"ಬರೆದು ಕೊಟ್ಟೆನಲ್ಲ ಸಾರ್, ಹುಡುಕಿದೆ ಅಂತ."

"ಎಲ್ಲಾ ಕಡೆ?"

"ಎಲ್ಲಾ ಕಡೆ ಹೇಗೆ ಹುಡುಕಕ್ಕಾಗುತ್ತೆ ಸಾರ್? ಒಂದೇ ಕಡೆ ಹುಡುಕಿದೆ."

"ಒಂದೇ ಕಡೆ!"

"ಒಬ್ಬರನ್ನ ಎಷ್ಟು ಕಡೆ ಹುಡುಕೋದು?"

ಉಗಾರ್ತೆ ಸಿಲಿಂಡರ್ ಅಲ್ಲೇ ಕಳಚಿ, ಮೆಟ್ಟಿಲು ಹತ್ತಿ, ಒದ್ದೆ ಬಟ್ಟೆಯಲ್ಲೇ ಊರಿನ ಕಡೆಗೆ ಓಡಿದ. ಫೋನಿಗೆ ಸಿಗ್ನಲ್ ಬರುವುದು ಚರ್ಚಿನ ಗೋಡೆಯ ಬಳಿ ಮಾತ್ರ. ದಡದಲ್ಲಿ ಕಾಯುತ್ತಿದ್ದ ನೇಯ್ದಿ ಓಡುವವನನ್ನು ನೋಡಿ, ಗಂಡನನ್ನು ನೋಡಿದಳು.

"ಏನಾಯ್ತು ಅವರಿಗೆ?"

"ಹೊಟ್ಟೆ ಕೆಟ್ಟಿರಬೇಕು. ಬೆಳಿಗ್ಗೆ ಹಬಾನೆರೊ ಮೆಣಸಿನಕಾಯಿ ಚಟ್ನಿ ತಿಂತಿದ್ರು, ನಾನು ಬೇಡ ಅಂದೆ."

"ಮೇಡಂ?"

"ಹುಡುಕಿದೆ. ನಿಮ್ಮಮ್ಮನ ಕೈಲಿದ್ದಾರೆ."

"ಅಯ್ಯೋ ಪಾಪ!" ಅಂದಳು ನೇಯ್ದಿ, ಮನಃಪೂರ್ವಕವಾಗಿ.

ಹತ್ತು ನಿಮಿಷದಲ್ಲಿ ಚರ್ಚಿನ ಗಂಟೆ ಹೊಡೆಯಿತು. ಹುವಾಚ್ ಒಬ್ಬ ಅಳುತ್ತ ಬಂದು ಗಂಟೆ ಹೊಡೆಯಿರಿ ಅಂದ, ಹೊಡೆದೆವು. ಬಂದವರ ಮಾತು ತೆಗೆದುಹಾಕುವ ಜನ ನಾವಲ್ಲ. ಮೇಣದಬತ್ತಿ ಬೇಕು ಅಂದ, ಹೆಂಗಸರು ತಂದರು. ಮೆರವಣಿಗೆ ಸೆನೋತೆಗೆ ಬಂತು. ಊರವರು ನಿಕನೋರ್‌ನನ್ನು ಸುತ್ತುವರಿದರು.

"ಮೇಡಮ್ಮನ್ನ ಹುಡುಕಿದೆಯೇನೋ?"

"ಹುಡುಕಿದೆ."

"ಮತ್ತೆ ಇವನ್ಯಾಕೆ ಅಳ್ತಿದಾನೆ?"

"ಸಂತೋಷಕ್ಕೆ ಇರಬೇಕು."

ಸಂತೋಷಕ್ಕೆ ಇಷ್ಟು ಅಳುವ ಜನ ಇರುವುದು ನಮಗೆ ಗೊತ್ತಿರಲಿಲ್ಲ. ಆದರೂ ಬತ್ತಿ ಹಚ್ಚಿ ಅವನ ಜೊತೆ ಮೊಣಕಾಲೂರಿದೆವು. ಹೆಂಗಸರು ಜಪಮಾಲೆ ಶುರು ಮಾಡಿದರು. ಕೃತಜ್ಞತೆಯ ಜಪ ಅಂತ ನಾವು ಅಂದುಕೊಂಡಿದ್ದೆವು. ಉಗಾರ್ತೆ ಪ್ರತಿ ಮಣಿಗೂ ಬಿಕ್ಕುತ್ತಿದ್ದ. ನಡುವೆ ಎದ್ದು, ಮರದಡಿಯ ಮೇಜಿನಿಂದ ಫಾರಂ ತೆಗೆದು, ಕಣ್ಣೊರೆಸಿಕೊಂಡು ಏನೋ ಗೀಚಿ ನಿಕನೋರ್‌ನ ಕೈಗೆ ತುರುಕಿದ.

ನಿಕನೋರ್ ಓದಿದ. 'ಅನುತ್ತೀರ್ಣ. ಜೊತೆಗಾರರನ್ನು ಒಂದೇ ಕಡೆ ಹುಡುಕಿದ್ದಾಗಿ ತಾನೇ ಒಪ್ಪಿಕೊಂಡಿದ್ದಾನೆ. ಮುಖದಲ್ಲಿ ಪಶ್ಚಾತ್ತಾಪವಿಲ್ಲ. ನಕ್ಕಿದ್ದಾನೆ.'

ಅವನು ಫಾರಂ ಹಿಡಿದು ಕಲ್ಲಿನ ಮೇಲೆ ಕೂತುಬಿಟ್ಟ. ಗಂಟು ಸರಿಯಿತ್ತು. ದಾರ ಸರಿಯಿತ್ತು. ಇನ್ನು ಕಾಲು ಗಟ್ಟಿ ಇರುವ ತನಕ ಸಿಲಿಂಡರ್ ಹೊರುವುದು, ಆಮೇಲೆ ಬರೀ ಚಪ್ಪಲಿ ಕಾಯುವುದು. ಬೈಗುಳ ಬಾಯಿಗೆ ಬರಲಿಲ್ಲ, ಅಳು ಬಂತು. ಉಗಾರ್ತೆ ಒಂದು ಕಡೆ ಅಳುತ್ತಿದ್ದ, ಇವನು ಇನ್ನೊಂದು ಕಡೆ. ನೇಯ್ದಿ ಫಾರಂ ಕಸಿದು ಓದಿ, ಸೊಂಟಕ್ಕೆ ಕೈಯಿಟ್ಟು ಎದ್ದಳು.

"ಏನ್ರೀ ಸಾರ್, ಹುಡುಕಿದ್ದು ತಪ್ಪಾ? ಮೇಡಂನೇ ಕೇಳಿ ನೋಡ್ರಿ!"

"ಎಲ್ಲಿಂದ ಕೇಳಲಿ ತಾಯಿ," ಅಂದ ಉಗಾರ್ತೆ, ಆಕಾಶದ ಕಡೆ ಕೈ ತೋರಿಸಿ. "ಎಲ್ಲಿಂದ ಕೇಳಲಿ!"

ಟ್ರಿಣ್ ಟ್ರಿಣ್ ಎಂದು ಗಂಟೆ ಹೊಡೆಯುತ್ತ ಮೂರು ಗಾಲಿಯ ಸೈಕಲ್ಲು ಬಂದದ್ದು ಆಗ. ಪೆಡಲು ತುಳಿಯುತ್ತಿದ್ದವನು ದೊನ್ಯಾ ಫೆಲಿಪಾ ಅವರ ಪಕ್ಕದ ಮನೆಯವ. ಮುಂದಿನ ಪೆಟ್ಟಿಗೆಯಲ್ಲಿ ಒಂದು ಕಡೆ ದೊನ್ಯಾ ಫೆಲಿಪಾ, ನಡುವೆ ಬಟ್ಟೆ ಸುತ್ತಿದ ಸಾರಿನ ಮಡಕೆ, ಇನ್ನೊಂದು ಕಡೆ ಒರ್ತೆನ್ಸಿಯಾ ಮೇಡಂ. ಮೇಡಂ ಮೈಮೇಲೆ ದೊನ್ಯಾ ಫೆಲಿಪಾ ಅವರ ಕಸೂತಿ ಹೂವಿನ ಬಿಳಿ ನಿಲುವಂಗಿ, ಹುಯಿಪಿಲ್, ಅದು ಮೊಣಕಾಲಿಗೂ ಮುಟ್ಟುತ್ತಿರಲಿಲ್ಲ. ತುಟಿಯ ಸುತ್ತ ಕರಿ ಸಾರು.

ಉಗಾರ್ತೆ ಎದೆಯ ಮೇಲೆ ಶಿಲುಬೆ ಮಾಡಿಕೊಂಡ. ಹಿಂದೆ ಹಿಂದೆ ಸರಿದು ಹೆಂಗಸರ ಮಡಿಲಿಗೆ ಬಿದ್ದ. ಆಮೇಲೆ ಎದ್ದು ಓಡಿ ಮೇಡಂನ ಕೈ ಮುಟ್ಟಿ ನೋಡಿದ, ಬೆಚ್ಚಗಿತ್ತು. "ಸಿಕ್ಕಿದ್ರು!" ಎಂದು ಕಿರುಚಿದ. "ಮೇಡಂ ಸಿಕ್ಕಿದ್ರು!"

"ಅದನ್ನೇ ತಾನೇ ಇವನು ಆಗಿಂದ ಬಡ್ಕೋತಿರೋದು," ಅಂದರು ಯಾರೋ.

ಮೇಡಂ ಸೈಕಲ್ಲಿನಿಂದ ಇಳಿದು ಮೊದಲು ಫಾರಂ ಓದಿದರು. ಆಮೇಲೆ ಉಗಾರ್ತೆಯ ಸೊಂಟಕ್ಕೆ ಕಟ್ಟಿದ್ದ ಸ್ಲೇಟು ಓದಿದರು. ಬೆಳಿಗ್ಗೆಯ ಉತ್ತರಪತ್ರಿಕೆ ತರಿಸಿಕೊಂಡು ಮೂವತ್ತೇಳ‌ನೆಯದನ್ನು ಓದಿದರು. ಮೇಣದಬತ್ತಿಗಳು ಉರಿಯುತ್ತಲೇ ಇದ್ದವು, ಆರಿಸಲು ಯಾರಿಗೂ ತೋಚಲಿಲ್ಲ.

"ದೊನ್ಯಾ ಫೆಲಿಪಾ," ಅಂದರು ಕೊನೆಗೆ, "ನಿಮ್ಮೂರಲ್ಲಿ ಹುಡುಕಿದೆ ಅಂದ್ರೆ ಏನು?"

"ಹುಡುಕಿದೆ ಅಂದ್ರೆ ಹುಡುಕಿದೆ. ಕೈಗೆ ಬಂತು ಅಂತ."

"ಕೈಗೆ ಬರದೆ ಇದ್ರೆ?"

"ಹುಡುಕಲಿಲ್ಲ."

"ಇಡೀ ದಿನ ಹುಡುಕಿಯೂ ಬರದೆ ಇದ್ರೆ?"

"ನಾಳೆ ಹುಡುಕು," ಅಂದರು ದೊನ್ಯಾ ಫೆಲಿಪಾ. "ಇದೇನು ಮಗಳೇ ಪ್ರಶ್ನೆ? ಸಾರು ಆರ್ತಾ ಇದೆ."

ಮೇಡಂ ನಿಕನೋರ್‌ನ ಎದುರಿಗೆ ಬಂದು ನಿಂತರು. ಅವನು ಎದ್ದು ಮೂಗು ಒರೆಸಿಕೊಂಡ.

"ನೀರಿನ ಪರೀಕ್ಷೆಯಲ್ಲಿ ತಪ್ಪಿಲ್ಲ. ಒಂದು ಪ್ರಶ್ನೆ ಮತ್ತೆ ಕೇಳ್ತೀನಿ. ಗುಹೆಯೊಳಗೆ ಜೊತೆಗಾರ ಕಾಣೆಯಾದ್ರೆ ಎಷ್ಟು ಹೊತ್ತು ಹುಡುಕಬೇಕು?"

ಅವನಿಗೆ ಸರಿಯುತ್ತರ ಗೊತ್ತಿತ್ತು, ಬೆಳಿಗ್ಗೆ ಅವರೇ ಹೇಳಿಕೊಟ್ಟಿದ್ದರು. ನೇಯ್ದಿ ಹಿಂದಿನಿಂದ ಅಂಗಿ ಜಗ್ಗಿದಳು. ಬರೀ ಅಷ್ಟು ಹೇಳಿ ಮುಗಿಸು ಅಂತ.

"ಹೋಗೋ ಪಾಲು ಗಾಳಿ ಮುಗಿಯೋ ತನಕ ಮೇಡಂ. ಮುಗಿದ ಕೂಡಲೇ ತಿರುಗಬೇಕು." ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಲಿಲ್ಲ. "ಇವತ್ತು ಬಕೆಟ್ಟಿನ ಸದ್ದು ಕೇಳದೆ ಇದ್ರೆ ನಾನೂ ಹಾಗೇ ತಿರುಗ್ತಿದ್ದೆ. ಮೇಲೆ ಬಂದು ಬೇರೆ ಸಿಲಿಂಡರ್ ಹಾಕ್ಕೊಂಡು ಮತ್ತೆ ಇಳೀತಿದ್ದೆ. ಅದು ಮುಗಿದ್ರೆ ಮತ್ತೊಂದು. ಸಿಲಿಂಡರ್ ಹೊರೋದು ನನಗೆ ಹೊಸದಲ್ಲ ಮೇಡಂ. ಪ್ರತಿ ಸಲ ತಿರುಗ್ತಿದ್ದೆ, ಪ್ರತಿ ಸಲ ಇಳೀತಿದ್ದೆ. ಹುಡುಕುವವರೆಗೆ."

ನೇಯ್ದಿ ಅಂಗಿ ಬಿಟ್ಟು ಹಣೆ ಚಚ್ಚಿಕೊಂಡಳು.

ಒರ್ತೆನ್ಸಿಯಾ ಮೇಡಂ ಮುಖ ಆ ಕಡೆ ತಿರುಗಿಸಿದರು. ದೊನ್ಯಾ ಫೆಲಿಪಾ ಅವರ ಹುಯಿಪಿಲ್‌ನ ಅಂಚಿನಿಂದ ಕಣ್ಣೊರೆಸಿಕೊಂಡು ಕೆಂಪು ಪೆನ್ನು ಕೇಳಿ ತೆಗೆದುಕೊಂಡರು. ಮೂವತ್ತೇಳನೆಯದರ ಅಡ್ಡಗೆರೆಯ ಮೇಲೆ ಇನ್ನೊಂದು ಗೆರೆ ಎಳೆದು ಮೂವತ್ತೊಂಬತ್ತನ್ನು ನಲವತ್ತು ಮಾಡಿದರು. ಉಗಾರ್ತೆ ಗೀಚಿದ್ದನ್ನು ಹೊಡೆದುಹಾಕಿದರು. ಅದರ ಕೆಳಗೆ 'ಪರೀಕ್ಷಕಿ ದಾರ ಕಟ್ಟದೆ ಹೋದದ್ದು ತಪ್ಪು' ಎಂದು ತಮ್ಮ ಮೇಲೆ ತಾವೇ ಬರೆದುಕೊಂಡರು. ಕೊನೆಗೆ 'ಅಭಿಪ್ರಾಯ' ಎಂಬ ಖಾಲಿ ಜಾಗಕ್ಕೆ ಬಂದು, ನಮ್ಮನ್ನೆಲ್ಲ ಒಮ್ಮೆ ನೋಡಿ, ಗಟ್ಟಿಯಾಗಿ ಓದಿಕೊಳ್ಳುತ್ತ ಬರೆದರು: "ಬೆಕ್ಕಿನ ಬಾವಿಗೆ ಒಬ್ಬ ಗೈಡನ್ನು ಹುಡುಕಿದೆ."

ಊರಿಗೆ ಊರೇ ಚಪ್ಪಾಳೆ ತಟ್ಟಿತು. ಹುವಾಚ್ ಒಬ್ಬರ ಬಾಯಲ್ಲಿ ಆ ಮಾತು ಸರಿಯಾಗಿ ಬಂದದ್ದನ್ನು ನಾವು ಅದೇ ಮೊದಲು ಕೇಳಿದ್ದು. ಅವರು ನಕ್ಕರು ಕೂಡ. ಹಲ್ಲು ಕರಿ ಸಾರಿನಿಂದ ಕಪ್ಪಾಗಿತ್ತು. ಉಗಾರ್ತೆ ಮತ್ತೆ ಅತ್ತ. ಈ ಸಲ ಸಂತೋಷಕ್ಕೇ.

ನಿಕನೋರ್ ಮಾತ್ರ ನಗಲಿಲ್ಲ. ಫಾರಂ ಹಿಡಿದು ಆ ಸಾಲನ್ನು ಮತ್ತೆ ಮತ್ತೆ ಓದಿದ. ಅವನ ಮುಖದ ಬಣ್ಣ ಇಳಿಯಿತು.

"ಮೇಡಂ, ರಾಜಧಾನೀಲಿ ಇದನ್ನ ಓದಿ ಕಾರ್ಡ್ ಕೊಡೋರು ಯಾರು?"

"ಸಮಿತಿಯವರು. ಒಂಬತ್ತು ಜನ."

"ನಮ್ಮ ಕಡೆಯೋರು ಯಾರಾದ್ರೂ ಇದಾರಾ?"

"ಒಬ್ಬರೂ ಇಲ್ಲ. ಯಾಕೆ?"

"ಹಾಗಾದ್ರೆ ನಿಮ್ಮ ದಮ್ಮಯ್ಯ ಮೇಡಂ," ಅಂದ ನಿಕನೋರ್, ಎರಡೂ ಕೈ ಜೋಡಿಸಿ, "ಆ ಸಾಲಿನ ಕೊನೆಗೆ 'ಸಿಕ್ಕಿದ' ಅಂತ ಇನ್ನೊಂದು ಪದ ಸೇರಿಸಿ."

ನಲವತ್ತಾರು ವರ್ಷದಲ್ಲಿ ಆ ಪದ ಅವನ ಬಾಯಿಂದ ಬಂದದ್ದು ಅದೇ ಮೊದಲು. ಮೇಡಂ ಸೇರಿಸಿದರು. ಕೆಳಗೆ ಎರಡು ಗೆರೆಯನ್ನೂ ಎಳೆದರು.